“ನಿಜವಾಗ್ಲೂ... ನಿದ್ದೆ”: ಕೊರಿಯನ್ ಏರ್ 801ರ ಕೊನೆಯ ಅರ್ಧ ಗಂಟೆ

1997ರ ಆಗಸ್ಟ್ 6. ಪೆಸಿಫಿಕ್ ಸಾಗರದಲ್ಲಿ ಅಮೆರಿಕದ ಆಡಳಿತಕ್ಕೆ ಸೇರಿದ ಗುವಾಮ್ ದ್ವೀಪದಲ್ಲಿ ನಡುರಾತ್ರಿ ಕಳೆದು 1 ಗಂಟೆ 21 ನಿಮಿಷ. ಸಿಯೋಲ್‌ನ ಕಿಂಪೊ ನಿಲ್ದಾಣದಿಂದ ಬಂದಿದ್ದ ಕೊರಿಯನ್ ಏರ್ 801 ವಿಮಾನ ಇಳಿಯಲು ಇನ್ನು ಇಪ್ಪತ್ತು ನಿಮಿಷ ಇತ್ತು. ಬೋಯಿಂಗ್ 747, ಒಳಗೆ 254 ಜನ. ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಕ್ಯಾಪ್ಟನ್ ದನಿ ಕೇಳುತ್ತದೆ: “ಆ... ನಿಜವಾಗ್ಲೂ... ನಿದ್ದೆ.” ಮುಂದಿನ ಮಾತು ಅಸ್ಪಷ್ಟ. ಪಕ್ಕದಲ್ಲಿ ಕೂತ ಸಹ ಪೈಲಟ್ ಕೊಡುವ ಉತ್ತರ, ‘ಬರದೇ ಇರುತ್ತದೆಯೇ’ ಎನ್ನುವ ಅರ್ಥದ ಒಂದೇ ಪದ: “ಖಂಡಿತ.” ಆಮೇಲೆ ಮಾತು ಹವಾಮಾನದ ಕಡೆ ಹೊರಳುತ್ತದೆ, ಮಳೆ ಜೋರಿದೆ ಅಂತ.

ಇಪ್ಪತ್ತೊಂದು ನಿಮಿಷದ ನಂತರ ವಿಮಾನ ರನ್‌ವೇಗೆ ಮೂರು ಮೈಲಿ ಹಿಂದೆಯೇ ನಿಮಿಟ್ಜ್ ಹಿಲ್ ಎಂಬ ಗುಡ್ಡಕ್ಕೆ ಬಡಿಯಿತು. 228 ಜನ ಸತ್ತರು. ಇಂಜಿನ್ ಕೆಟ್ಟಿರಲಿಲ್ಲ, ರೆಕ್ಕೆ ಮುರಿದಿರಲಿಲ್ಲ, ಇಂಧನ ಮುಗಿದಿರಲಿಲ್ಲ. ಪೂರ್ತಿ ಪೈಲಟ್ ಹತೋಟಿಯಲ್ಲೇ ಇದ್ದ ವಿಮಾನ ನೆಟ್ಟಗೆ ನೆಲಕ್ಕೆ ಹೋಗಿತ್ತು.

ಈ ಪ್ರಕರಣದ ಬಗ್ಗೆ ಬರೆದವರು ಬಹಳ. ಹೆಚ್ಚಿನವರು ಕ್ಯಾಪ್ಟನ್ ಎದುರು ಕಿರಿಯರು ಬಾಯಿ ಬಿಡಲಿಲ್ಲ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಅದು ಸುಳ್ಳಲ್ಲ. ಆದರೆ ನನ್ನನ್ನು ಕಾಡುವುದು ಆ “ಖಂಡಿತ” ಎಂಬ ಪದ. ವಿಮಾನ ನಡೆಸುತ್ತಿರುವವನಿಗೆ ನಿದ್ದೆ ಬರುತ್ತಿದೆ ಎಂಬುದು ಆ ಹಾರಾಟದ ಅತಿ ಮುಖ್ಯ ಮಾಹಿತಿಯಾಗಿತ್ತು. ಅದನ್ನು ಆತ ಬಾಯಿಬಿಟ್ಟು ಹೇಳಿದ, ಪಕ್ಕದವರು ಕೇಳಿಸಿಕೊಂಡರು, ಒಪ್ಪಿಕೊಂಡರು ಕೂಡ. ಅದರಿಂದ ಕೆಲಸದಲ್ಲಿ ಏನೂ ಬದಲಾಗಲಿಲ್ಲ.

ಹೊರಡುವ ಮುಂಚೆ

ಕ್ಯಾಪ್ಟನ್‌ಗೆ 42 ವರ್ಷ, ಸುಮಾರು 8,900 ಗಂಟೆ ಹಾರಾಟದ ಅನುಭವ. ಹೊಸಬರಲ್ಲ, ಬೇಜವಾಬ್ದಾರಿ ಮನುಷ್ಯರೂ ಅಲ್ಲ. ಅವರ ಹೆಸರು ಮೊದಲು ಇದ್ದದ್ದು ದುಬೈ ಹಾರಾಟದಲ್ಲಿ. ಅದಕ್ಕೆ ಬೇಕಾದಷ್ಟು ವಿಶ್ರಾಂತಿ ಆಗಿಲ್ಲ ಎಂಬ ಕಾರಣಕ್ಕೆ ಅವರನ್ನು ಗುವಾಮ್‌ಗೆ ಹಾಕಲಾಯಿತು, ಅದು ಹತ್ತಿರದ ದಾರಿ ಎಂದು. ಲೆಕ್ಕದ ಪುಸ್ತಕದಲ್ಲಿ ಇದು ಸರಿಯಾಗಿಯೇ ಇದೆ. ದೂರದ ಹಾರಾಟಕ್ಕೆ ಸಾಲದ ವಿಶ್ರಾಂತಿ ಹತ್ತಿರದ ಹಾರಾಟಕ್ಕೆ ಸಾಕಾಗುತ್ತದೆ. ಆದರೆ ಹತ್ತಿರದ ಹಾರಾಟವೂ ರಾತ್ರಿಯದೇ ಆಗಿತ್ತು. ಇಳಿಯುವಾಗ ಗುವಾಮ್‌ನಲ್ಲಿ 1 ಗಂಟೆ 42 ನಿಮಿಷ. ಅವರ ದೇಹ ಬಿಟ್ಟು ಬಂದ ಸಿಯೋಲ್ ಗಡಿಯಾರದಲ್ಲಿ 12 ಗಂಟೆ 42 ನಿಮಿಷ. ಅವರು ಎಂದಿನಂತೆ ಮಲಗುವ ಹೊತ್ತು ಆಗಲೇ ಮೀರಿತ್ತು.

ನಿದ್ದೆಯ ಮಾತಿಗೆ ಒಂದು ನಿಮಿಷ ಮುಂಚೆ ಅದೇ ಧ್ವನಿಮುದ್ರಣದಲ್ಲಿ ಇನ್ನೊಂದು ಮಾತಿದೆ. ನಮ್ಮನ್ನು ಗರಿಷ್ಠ ಮಟ್ಟಕ್ಕೆ ದುಡಿಸುತ್ತಾರೆ, ಹೀಗೆ ಮಾಡಿದರೆ ಹೋಟೆಲ್ ಖರ್ಚು ಉಳಿಯುತ್ತದೆ, ಹಾರಾಟದ ಗಂಟೆಯೂ ಜಾಸ್ತಿಯಾಗುತ್ತದೆ ಎಂದು ಕ್ಯಾಪ್ಟನ್ ಹೇಳಿಕೊಳ್ಳುತ್ತಾರೆ. ದಿನದ ಕೊನೆಗೆ ಯಾವ ಕೆಲಸಗಾರನಾದರೂ ಹೀಗೆ ಗೊಣಗುತ್ತಾನೆ. ಇದನ್ನು ನಾನು ದೂರು ಎಂದು ಓದುವುದಿಲ್ಲ. ಡ್ಯೂಟಿ ಪಟ್ಟಿ ಬರೆಯುವ ಕಚೇರಿಯಿಂದ ಕಾಕ್‌ಪಿಟ್‌ವರೆಗೆ ದಣಿವು ಬಂದ ದಾರಿ ಇದರಲ್ಲಿ ಕಾಣುತ್ತದೆ. ಆ ದಣಿವು ನಡುರಾತ್ರಿ ಆಕಾಶದಲ್ಲಿ ಏಕಾಏಕಿ ಹುಟ್ಟಿದ್ದಲ್ಲ.

ಗ್ಲೈಡ್‌ಸ್ಲೋಪ್ ಇಲ್ಲದ ರನ್‌ವೇ

ಮುಂದಿನದು ಅರ್ಥವಾಗಬೇಕಾದರೆ ಒಂದು ತಾಂತ್ರಿಕ ಸಂಗತಿ ಬೇಕು. ರಾತ್ರಿ ಅಥವಾ ಮೋಡದಲ್ಲಿ ಇಳಿಯುವ ವಿಮಾನಕ್ಕೆ ನೆಲದಿಂದ ಎರಡು ರೇಡಿಯೊ ಸಂಕೇತ ಸಿಗುತ್ತವೆ. ಲೋಕಲೈಜರ್ ಎಂಬುದು ಎಡ-ಬಲ ಹೇಳುತ್ತದೆ: ರನ್‌ವೇಯ ನೇರಕ್ಕೆ ಇದ್ದೀಯಾ, ಪಕ್ಕಕ್ಕೆ ಸರಿದಿದ್ದೀಯಾ ಅಂತ. ಗ್ಲೈಡ್‌ಸ್ಲೋಪ್ ಎಂಬುದು ಮೇಲೆ-ಕೆಳಗೆ ಹೇಳುತ್ತದೆ. ಎರಡೂ ಇದ್ದರೆ ಇಳಿಜಾರಿನಲ್ಲಿ ಜಾರಿದ ಹಾಗೆ ಒಂದೇ ಸಮನೆ ಇಳಿದು ರನ್‌ವೇ ಮುಟ್ಟಬಹುದು. ಗ್ಲೈಡ್‌ಸ್ಲೋಪ್ ಇಲ್ಲವಾದರೆ ಮೆಟ್ಟಿಲು ಇಳಿದ ಹಾಗೆ ಇಳಿಯಬೇಕು. ಇಷ್ಟು ದೂರದವರೆಗೆ ಈ ಎತ್ತರ, ಅಲ್ಲಿಂದ ಮುಂದೆ ಆ ಎತ್ತರ, ನಡುವೆ ಒಂದು ಅಡಿಯೂ ಕೆಳಗೆ ಹೋಗುವಂತಿಲ್ಲ.

ಗುವಾಮ್‌ನ ‘6 ಎಡ’ ಎಂಬ ಹೆಸರಿನ ರನ್‌ವೇಯ ಗ್ಲೈಡ್‌ಸ್ಲೋಪ್ ಆ ದಿನಗಳಲ್ಲಿ ಕೆಲಸದಲ್ಲಿರಲಿಲ್ಲ. ಪೈಲಟ್‌ಗಳಿಗೆ ಇದರ ಸೂಚನೆ ಮುಂಚೆಯೇ ಹೋಗಿತ್ತು. ಹಾಗಾಗಿ ಮೆಟ್ಟಿಲು ಹೀಗಿತ್ತು: ಹೊರಗಿನ ಗುರುತು (ರನ್‌ವೇಗೆ ಕೆಲವು ಮೈಲಿ ಮುಂಚೆ ಇಳಿಯುವ ದಾರಿಯಲ್ಲಿರುವ ರೇಡಿಯೊ ಗುರುತು) ದಾಟುವವರೆಗೆ 2,000 ಅಡಿ; ಅಲ್ಲಿಂದ ಗುಡ್ಡದ ಮೇಲಿರುವ ರೇಡಿಯೊ ಕಂಬ ದಾಟುವವರೆಗೆ 1,440 ಅಡಿ; ಕಂಬ ದಾಟಿದ ಮೇಲೆ ಮಾತ್ರ 560 ಅಡಿ. ಅಲ್ಲಿಗೂ ರನ್‌ವೇ ಕಾಣದಿದ್ದರೆ ಮತ್ತೆ ಮೇಲೇರಬೇಕು.

ಗುವಾಮ್‌ನ ಇನ್ನೊಂದು ವಿಶೇಷ ಆ ಕಂಬದ ಜಾಗ. ಎಷ್ಟೋ ನಿಲ್ದಾಣಗಳಲ್ಲಿ ದೂರ ಅಳೆಯುವ ಯಂತ್ರ ನಿಲ್ದಾಣದ ಆವರಣದಲ್ಲೇ ಇರುತ್ತದೆ, ದೂರ ಸೊನ್ನೆಗೆ ಬಂತೆಂದರೆ ರನ್‌ವೇ ಬಂತು ಅಂತ ಅರ್ಥ. ಗುವಾಮ್‌ನಲ್ಲಿ ಅದು ಆ ಕಂಬದ ಜೊತೆಗೇ, ರನ್‌ವೇಗಿಂತ 3.3 ಮೈಲಿ ಮುಂಚೆಯೇ, ನಿಮಿಟ್ಜ್ ಹಿಲ್ ಮೇಲೆ ಇತ್ತು. ಅಲ್ಲಿ ಸೊನ್ನೆ ಎಂದರೆ ಕಾಲಡಿಯಲ್ಲಿ ಗುಡ್ಡ.

ಕ್ಯಾಪ್ಟನ್‌ಗೆ ಇದೆಲ್ಲ ಗೊತ್ತಿರಲಿಲ್ಲವೇ? ಗೊತ್ತಿತ್ತು. 1 ಗಂಟೆ 11 ನಿಮಿಷದ ಹೊತ್ತಿಗೆ ಅವರು ಸಹೋದ್ಯೋಗಿಗಳಿಗೆ ಕೊಟ್ಟ ಚುಟುಕು ವಿವರಣೆಯಲ್ಲಿ ಎರಡೂ ಸಂಗತಿ ಇವೆ. ಕಂಬದಿಂದ ಮೂರು ಮೈಲಿ ಸೇರಿಸಿ ಲೆಕ್ಕ ಹಾಕುತ್ತೇನೆ ಎನ್ನುತ್ತಾರೆ. ಗ್ಲೈಡ್‌ಸ್ಲೋಪ್ ಇಲ್ಲದ್ದರಿಂದ ಕನಿಷ್ಠ ಎತ್ತರ 560 ಅಡಿ ಎನ್ನುತ್ತಾರೆ. ಆದರೆ ನಡುವಿನ ಮೆಟ್ಟಿಲುಗಳ ಮಾತು ಬಿಟ್ಟುಹೋಗಿದೆ. ರನ್‌ವೇ ಕಣ್ಣಿಗೆ ಕಾಣುತ್ತದೆ, ನೋಡಿಕೊಂಡೇ ಇಳಿಯುತ್ತೇವೆ ಎಂಬ ನಂಬಿಕೆಯ ಮೇಲೆ ಆ ವಿವರಣೆ ನಿಂತಿತ್ತು. ದಣಿದವನ ಮನಸ್ಸು ಸುಲಭದ ದಾರಿಯನ್ನೇ ನೆಚ್ಚುತ್ತದೆ, ಅದು ಸಿಗದಿದ್ದರೆ ಏನು ಎಂಬ ಎರಡನೆಯ ಯೋಜನೆಗೆ ಅದರಲ್ಲಿ ಶಕ್ತಿ ಉಳಿದಿರುವುದಿಲ್ಲ.

ನಾಲ್ಕು ಸೆಕೆಂಡಿನ ಉತ್ತರ

1 ಗಂಟೆ 39 ನಿಮಿಷ 44 ಸೆಕೆಂಡ್. ಗುವಾಮ್‌ನ ರೇಡಾರ್ ಕಂಟ್ರೋಲರ್ ಅನುಮತಿ ಕೊಡುತ್ತಾರೆ: 6 ಎಡ ರನ್‌ವೇಗೆ ಇಳಿಯಲು ಅನುಮತಿ ಇದೆ, ಗ್ಲೈಡ್‌ಸ್ಲೋಪ್ ಬಳಸುವಂತಿಲ್ಲ. ನಾಲ್ಕು ಸೆಕೆಂಡಿನಲ್ಲಿ ಸಹ ಪೈಲಟ್ ಉತ್ತರ ಹೋಗುತ್ತದೆ: ಸರಿ, 6 ಎಡ ರನ್‌ವೇಗೆ ಅನುಮತಿ.

ವಾಕ್ಯದ ಬಾಲ ಉತ್ತರದಲ್ಲಿ ಇಲ್ಲ.

ಪೈಲಟ್ ಮತ್ತು ಕಂಟ್ರೋಲರ್ ನಡುವಿನ ಮಾತಿಗೆ ಒಂದು ಪದ್ಧತಿ ಇದೆ. ಕಂಟ್ರೋಲರ್ ಹೇಳಿದ್ದನ್ನು ಪೈಲಟ್ ತಿರುಗಿ ಹೇಳಬೇಕು, ತಿರುಗಿ ಹೇಳಿದ್ದು ಸರಿಯೇ ಎಂದು ಕಂಟ್ರೋಲರ್ ಕಿವಿಗೊಟ್ಟು ಕೇಳಬೇಕು. ಇದಕ್ಕೆ ರೀಡ್‌ಬ್ಯಾಕ್ ಅನ್ನುತ್ತಾರೆ. ಇಬ್ಬರಲ್ಲಿ ಒಬ್ಬರು ಮರೆತರೆ ಇನ್ನೊಬ್ಬರು ಹಿಡಿಯಲಿ ಎಂದೇ ಮಾಡಿದ ಏರ್ಪಾಡು ಅದು. ಆದರೆ ಏನೇನು ತಿರುಗಿ ಹೇಳಬೇಕು ಎಂಬುದಕ್ಕೂ ಅಂತರರಾಷ್ಟ್ರೀಯ ಪಟ್ಟಿ ಇದೆ. ರನ್‌ವೇ, ಅನುಮತಿ, ಎತ್ತರ, ದಿಕ್ಕು, ವೇಗ, ಗಾಳಿಯ ಒತ್ತಡದ ಅಂಕಿ ಅದರಲ್ಲಿವೆ. ನೆಲದ ಉಪಕರಣ ಕೆಟ್ಟಿದೆ ಎಂಬ ಸುದ್ದಿ ಆ ಪಟ್ಟಿಯಲ್ಲಿ ಇಲ್ಲ. ಅಂದರೆ ನಿಯಮದ ಕಣ್ಣಿಗೆ ಸಹ ಪೈಲಟ್ ಉತ್ತರ ಪೂರ್ತಿಯಾಗಿಯೇ ಇತ್ತು. ಕಂಟ್ರೋಲರ್‌ಗೂ ಮತ್ತೆ ಕೇಳಬೇಕು ಅನ್ನಿಸಲಿಲ್ಲ.

ಈಗ ಕಾಕ್‌ಪಿಟ್ ಒಳಗೆ ಆ ಉತ್ತರದ ನಂತರದ ಹನ್ನೆರಡು ಸೆಕೆಂಡಿನಲ್ಲಿ ಏನಾಯಿತು ನೋಡಿ. ಕಾಕ್‌ಪಿಟ್‌ನಲ್ಲಿದ್ದ ಮೂರನೆಯವರು, ಫ್ಲೈಟ್ ಇಂಜಿನಿಯರ್, ಕೇಳುತ್ತಾರೆ: “ಗ್ಲೈಡ್‌ಸ್ಲೋಪ್ ಕೆಲಸ ಮಾಡ್ತಿದೆಯಾ?” ಕ್ಯಾಪ್ಟನ್: “ಹೌದು, ಹೌದು, ಮಾಡ್ತಿದೆ.” ಮತ್ತೊಂದು ದನಿ: “ಯಾಕೆ ಮಾಡ್ತಿದೆ?” ಸಹ ಪೈಲಟ್: “ಬಳಸೋ ಹಾಗಿಲ್ಲ.”

ಈ ನಾಲ್ಕು ಸಾಲನ್ನು ನಾನು ಎಷ್ಟೋ ಸಲ ಓದಿದ್ದೇನೆ. ಸಹ ಪೈಲಟ್‌ಗೆ ಕಂಟ್ರೋಲರ್ ಮಾತು ಕೇಳಿಸಿತ್ತು, ಅರ್ಥವೂ ಆಗಿತ್ತು. ಇಂಗ್ಲಿಷ್ ಇಲ್ಲಿ ಅಡ್ಡ ಬರಲಿಲ್ಲ. ಸಂದೇಶ ನೆಲದಿಂದ ಹೊರಟು ಒಬ್ಬರ ಕಿವಿಗೆ ತಲುಪಿ, ಅಲ್ಲಿಂದ ಪಕ್ಕದ ಸೀಟಿಗೆ ದಾಟಲಿಲ್ಲ. ಕ್ಯಾಪ್ಟನ್ ಎದುರಿನ ಗ್ಲೈಡ್‌ಸ್ಲೋಪ್ ಮುಳ್ಳು ಎಲ್ಲಿಂದಲೋ ಬಂದ ಹುಸಿ ಸಂಕೇತಕ್ಕೆ ಅಲುಗಾಡಿರಬಹುದು, ತನಿಖೆ ಆ ಸಾಧ್ಯತೆಯನ್ನೂ ಪರಿಶೀಲಿಸಿತು. ಮುಳ್ಳು ಅಲುಗಾಡಿದ್ದನ್ನು ನೋಡಿ, ಅದು ಬಳಸಬಾರದ ಮುಳ್ಳು ಎಂದು ಪಕ್ಕಕ್ಕಿಡಲು ಚುರುಕು ಮನಸ್ಸು ಬೇಕು.

ಒಂದೇ ಸಂಗತಿ ಆ ಮನಸ್ಸಿನಲ್ಲಿ ಹೇಗೆ ಜಾರುತ್ತಾ ಹೋಯಿತು ಎಂಬುದನ್ನು ಹೊತ್ತಿನ ಪ್ರಕಾರ ಇಟ್ಟು ನೋಡಿದರೆ ಮೈ ನಡುಗುತ್ತದೆ. 1:11ಕ್ಕೆ ಗ್ಲೈಡ್‌ಸ್ಲೋಪ್ ಇಲ್ಲ ಎಂದು ತಾನೇ ಹೇಳಿದ್ದಾರೆ. 1:39ಕ್ಕೆ ಕೆಲಸ ಮಾಡುತ್ತಿದೆ ಎನ್ನುತ್ತಾರೆ. 1:40ಕ್ಕೆ ಇವತ್ತು ಗ್ಲೈಡ್‌ಸ್ಲೋಪ್ ಸ್ಥಿತಿ ಸರಿಯಿಲ್ಲ, 1,440 ಅಡಿಯಲ್ಲಿ ಇರಬೇಕು, ಹಾಕಿ ಎನ್ನುತ್ತಾರೆ. 1:41 ಮುಗಿಯುವ ಮುಂಚೆ ಮತ್ತೆ ಕೇಳುತ್ತಾರೆ: “ಗ್ಲೈಡ್‌ಸ್ಲೋಪ್ ಕೆಲಸ ಮಾಡ್ತಿಲ್ವಾ?” ದಣಿವು ಎಂದರೆ ತೂಕಡಿಸಿ ತಲೆ ವಾಲುವುದು ಎಂದುಕೊಳ್ಳುತ್ತೇವೆ. ಆ ಕ್ಯಾಪ್ಟನ್ ಒಂದು ಕ್ಷಣವೂ ಮಲಗಲಿಲ್ಲ. ಮಾತಾಡುತ್ತಲೇ ಇದ್ದರು, ಸ್ವಿಚ್ ತಿರುಗಿಸುತ್ತಲೇ ಇದ್ದರು, ಆದೇಶ ಕೊಡುತ್ತಲೇ ಇದ್ದರು. ತಿಳಿದದ್ದನ್ನು ಮೂವತ್ತು ನಿಮಿಷ ಕೈಯಲ್ಲಿ ಹಿಡಿದಿಟ್ಟುಕೊಳ್ಳಲು ಮಾತ್ರ ಆಗಲಿಲ್ಲ.

ಅವರ ಆ ಕೊನೆಯ ಪ್ರಶ್ನೆಗೆ ಸ್ಪಷ್ಟವಾಗಿ “ಇಲ್ಲ” ಎಂದು ಹೇಳಿದವರಿಲ್ಲ.

ಅಷ್ಟರಲ್ಲಿ ಮೆಟ್ಟಿಲುಗಳೂ ತಪ್ಪಿದ್ದವು. ಹೊರಗಿನ ಗುರುತಿಗೆ ಮುಂಚೆಯೇ ವಿಮಾನ 2,000 ಅಡಿಗಿಂತ ಕೆಳಗಿಳಿದಿತ್ತು. ರೇಡಿಯೊ ಕಂಬ ಇನ್ನೂ ಮುಂದೆ ಇರುವಾಗಲೇ ಕ್ಯಾಪ್ಟನ್ 560 ಅಡಿ ಹಾಕಿಸಿದರು. ದೂರದಲ್ಲಿ ಗುವಾಮ್‌ನ ಆಕಾಶ ತಕ್ಕಮಟ್ಟಿಗೆ ತಿಳಿಯಾಗಿತ್ತು, ಆದರೆ ಗುಡ್ಡದ ಮೇಲೆ ಮಳೆ ಸುರಿಯುತ್ತಿತ್ತು. ವೈಪರ್ ಹಾಕಿ ಎದುರಿಗೆ ರನ್‌ವೇ ದೀಪ ಹುಡುಕುತ್ತಿದ್ದಾರೆ, ಕೆಳಗೆ ಕತ್ತಲೆಯಲ್ಲಿ ನೆಲ ಮೇಲೇಳುತ್ತಿದೆ. ನೆಲ ಹತ್ತಿರವಾಗುತ್ತಿದ್ದಂತೆ ಎಚ್ಚರಿಸುವ ಯಂತ್ರ “ಐನೂರು” ಅಂದಿತು. ಫ್ಲೈಟ್ ಇಂಜಿನಿಯರ್ ಬಾಯಲ್ಲಿ ಬಂದದ್ದು ಅಚ್ಚರಿಯ ಒಂದು “ಆಂ?” ಅಷ್ಟೇ. ಆಮೇಲೆ ಯಂತ್ರ ಕನಿಷ್ಠ ಎತ್ತರ ಬಂತು ಎಂದಿತು, ಇಳಿಯುವ ವೇಗ ಹೆಚ್ಚಿದೆ ಎಂದಿತು. ಬಡಿಯುವುದಕ್ಕೆ ಆರೇಳು ಸೆಕೆಂಡ್ ಇರುವಾಗ ಸಹ ಪೈಲಟ್ ಹೇಳಿದರು: ಇಳಿಯುವುದು ಬೇಡ, ಮೇಲೇರೋಣ. ಕಾಣುತ್ತಿಲ್ಲ ಎಂದು ಇಂಜಿನಿಯರ್ ದನಿಗೂಡಿಸಿದರು. ಸಹ ಪೈಲಟ್ ಇನ್ನೊಮ್ಮೆ ಹೇಳಿದರು. ಕ್ಯಾಪ್ಟನ್ “ಗೋ ಅರೌಂಡ್” ಎನ್ನುವ ಹೊತ್ತಿಗೆ ಮೂರು ಸೆಕೆಂಡ್ ಉಳಿದಿತ್ತು. ಮೊದಲ ಸಲ ಹೇಳಿದಾಗಲೇ ಸರಕ್ಕನೆ ಮೂತಿ ಎತ್ತಿ ಪೂರ್ತಿ ಶಕ್ತಿ ಕೊಟ್ಟಿದ್ದರೆ ಅಪಘಾತ ತಪ್ಪಬಹುದಿತ್ತು ಎಂಬುದು ತನಿಖೆಯ ಅಭಿಪ್ರಾಯ.

ನೆಲದ ಮೇಲಿದ್ದವರು

ಇಷ್ಟು ಹೇಳಿ ನಿಲ್ಲಿಸಿದರೆ ಕ್ಯಾಪ್ಟನ್‌ಗೆ ಅನ್ಯಾಯವಾಗುತ್ತದೆ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2000ದ ಜನವರಿಯಲ್ಲಿ ಅಂತಿಮ ವರದಿಯನ್ನು ಅಂಗೀಕರಿಸಿತು. ಮುಖ್ಯ ಕಾರಣ ಕಾಕ್‌ಪಿಟ್ ಒಳಗೇ ಇದೆ ಎಂದಿತು: ಕ್ಯಾಪ್ಟನ್ ಸರಿಯಾಗಿ ವಿವರಿಸಲಿಲ್ಲ, ಸರಿಯಾಗಿ ಇಳಿಸಲಿಲ್ಲ, ಇನ್ನಿಬ್ಬರು ಸರಿಯಾಗಿ ಗಮನಿಸಿ ತಡೆಯಲಿಲ್ಲ. ಅದಕ್ಕೆ ಪೂರಕ ಕಾರಣಗಳಾಗಿ ಕ್ಯಾಪ್ಟನ್ ದಣಿವನ್ನೂ ಸಂಸ್ಥೆಯ ಸಾಲದ ತರಬೇತಿಯನ್ನೂ ಹೆಸರಿಸಿತು. ಮೂರನೆಯದಾಗಿ ಬೆರಳು ತೋರಿಸಿದ್ದು ಅಮೆರಿಕದ ವಿಮಾನಯಾನ ಆಡಳಿತದ ಕಡೆಗೇ.

ಗುವಾಮ್‌ನ ರೇಡಾರ್‌ನಲ್ಲಿ ಒಂದು ಎಚ್ಚರಿಕೆ ವ್ಯವಸ್ಥೆ ಇತ್ತು. ವಿಮಾನ ಇರಬೇಕಾದ ಎತ್ತರಕ್ಕಿಂತ ಕೆಳಗಿಳಿದರೆ ಕಂಟ್ರೋಲರ್ ಎದುರು ಗಂಟೆ ಬಾರಿಸಬೇಕು. ಅದು ಸುಳ್ಳು ಎಚ್ಚರಿಕೆ ಜಾಸ್ತಿ ಕೊಡುತ್ತದೆ ಎಂದು ನಿಲ್ದಾಣದ ಸುತ್ತ 54 ಮೈಲಿಯವರೆಗೆ ಅದನ್ನು ಬೇಕೆಂದೇ ಸುಮ್ಮನಾಗಿಸಿದ್ದರು. ಹಾಗೆ ಮಾಡದಿದ್ದರೆ ಗುಡ್ಡಕ್ಕೆ ಬಡಿಯುವ ಸುಮಾರು ಒಂದು ನಿಮಿಷ ಮುಂಚೆ ಗಂಟೆ ಬಾರಿಸುತ್ತಿತ್ತು. ಕಾಕ್‌ಪಿಟ್‌ನಲ್ಲಿ ಆರು ಸೆಕೆಂಡಿಗಾಗಿ ಪರದಾಡಿದ ಕಥೆಯ ಪಕ್ಕದಲ್ಲಿ ಈ ಒಂದು ನಿಮಿಷವನ್ನು ಇಟ್ಟು ನೋಡಬೇಕು.

ಕಂಟ್ರೋಲರ್ ಕೆಲಸವನ್ನೂ ಮಂಡಳಿ ಕಟುವಾಗಿ ಟೀಕಿಸಿತು. ಅನುಮತಿ ಕೊಡುವಾಗ ನೀವು ಗುರುತಿನಿಂದ ಇಷ್ಟು ಮೈಲಿ ದೂರದಲ್ಲಿದ್ದೀರಿ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಇಳಿಯುವ ದಾರಿಯಲ್ಲೇ ಮಳೆ ಬೀಳುತ್ತಿರುವುದು ಅವರ ಪರದೆಯಲ್ಲಿ ಕಂಡಿತ್ತು, ಅದನ್ನು ಪೈಲಟ್‌ಗಳಿಗೂ ಹೇಳಲಿಲ್ಲ, ಇಳಿಯುವ ಕೊನೆಯ ಹಂತ ನೋಡಿಕೊಳ್ಳುವ ನಿಲ್ದಾಣದ ಟವರ್‌ಗೂ ಹೇಳಲಿಲ್ಲ. ವಿಮಾನವನ್ನು ಟವರ್‌ಗೆ ಒಪ್ಪಿಸಿದ ಮೇಲೆ ಪರದೆಯ ಮೇಲೆ ಅದನ್ನು ಗಮನಿಸಲೂ ಇಲ್ಲ. ದೂರದ ಬಗ್ಗೆ ಒಂದು ವಾಕ್ಯ ಬಂದಿದ್ದರೆ ತಾನು ರನ್‌ವೇಗೆ ಹತ್ತಿರ ಇದ್ದೇನೆ ಎಂಬ ಕ್ಯಾಪ್ಟನ್ ಭ್ರಮೆ ಅಲ್ಲೇ ಒಡೆಯುತ್ತಿತ್ತು ಎಂದು ನನಗನ್ನಿಸುತ್ತದೆ. ಟವರ್‌ನವರು ಗಾಳಿ ಎಷ್ಟು ಎಂದು ಹೇಳಿ ಇಳಿಯಲು ಅನುಮತಿ ಕೊಟ್ಟರು. ಸಹ ಪೈಲಟ್ ಆ ಅನುಮತಿಯನ್ನು ತಿರುಗಿ ಹೇಳಿದರು.

ತರಬೇತಿಯ ಬಗ್ಗೆ ಒಂದು ಮಾತು. ಕೊರಿಯಾದ ಸಂಸ್ಕೃತಿಯಲ್ಲಿ ಹಿರಿಯರಿಗೆ ಎದುರಾಡುವುದಿಲ್ಲ, ಅದಕ್ಕೇ ಹೀಗಾಯಿತು ಎಂಬ ವಾದವನ್ನು ನಾನು ಇಡಿಯಾಗಿ ಒಪ್ಪುವುದಿಲ್ಲ. ಮೇಲೇರೋಣ ಎಂದು ಮೊದಲು ಹೇಳಿದ್ದು ಸಹ ಪೈಲಟ್. ಅವರಿಗೆ ಇಲ್ಲದೆ ಹೋದದ್ದು, ಕ್ಯಾಪ್ಟನ್ ಓಗೊಡದಿದ್ದರೆ ತಾನೇ ಕಂಟ್ರೋಲ್ ಕೈಗೆ ತೆಗೆದುಕೊಳ್ಳುವ ಅಭ್ಯಾಸ. ಅಭ್ಯಾಸವನ್ನು ಕಲಿಸಬಹುದು. 1999ರ ಡಿಸೆಂಬರ್‌ನಲ್ಲಿ ಲಂಡನ್ ಬಳಿ ಅದೇ ಸಂಸ್ಥೆಯ ಸರಕು ವಿಮಾನ ಬಿದ್ದ ಮೇಲೆ ಕೊರಿಯನ್ ಏರ್ ಹೊರಗಿನವರನ್ನು ಕರೆಸಿ ಹಾರಾಟ ವಿಭಾಗವನ್ನೇ ಹೊಸದಾಗಿ ಕಟ್ಟಿತು. ಆಮೇಲೆ ಅದರ ಯಾವ ಪ್ರಯಾಣಿಕರೂ ಅಪಘಾತದಲ್ಲಿ ಸತ್ತಿಲ್ಲ. ದೇಶ ಅದೇ, ಭಾಷೆ ಅದೇ, ಹಿರಿಯರಿಗೆ ಕೊಡುವ ಮರ್ಯಾದೆಯೂ ಅದೇ.

ಆಮೇಲೆ ಬಂದ ನಿಯಮಗಳು

ಗುಡ್ಡದ ಎತ್ತರವನ್ನು ನಕ್ಷೆಯಲ್ಲೇ ಇಟ್ಟುಕೊಂಡು ಮುಂದೆ ನೋಡಿ ಎಚ್ಚರಿಸುವ ಯಂತ್ರವನ್ನು ಅಮೆರಿಕ ತನ್ನ ವಿಮಾನಗಳಿಗೆ 2005ರ ಹೊತ್ತಿಗೆ ಕಡ್ಡಾಯ ಮಾಡಿತು. ಬೇರೆ ದೇಶಗಳೂ ಅದೇ ದಾರಿ ಹಿಡಿದವು. ಇಂಥ ಅಪಘಾತಗಳು ಕಡಿಮೆಯಾಗಲು ಅದೇ ದೊಡ್ಡ ಕಾರಣ, ಇದನ್ನು ಮನಃಪೂರ್ವಕ ಹೇಳುತ್ತೇನೆ.

ದಣಿವಿನ ವಿಷಯದಲ್ಲಿ ನಿಯಮ ಬರಲು ಇನ್ನೂ ತಡವಾಯಿತು. 2009ರ ಫೆಬ್ರವರಿಯಲ್ಲಿ ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತ ಮೇಲೆ ಅಮೆರಿಕದ ನಿಯಮ ಬದಲಾಯಿತು. 2014ರ ಜನವರಿಯಿಂದ ಜಾರಿಗೆ ಬಂತು. ಡ್ಯೂಟಿಗೆ ಮುಂಚೆ ಹತ್ತು ಗಂಟೆ ವಿಶ್ರಾಂತಿ, ಅದರಲ್ಲಿ ಎಂಟು ಗಂಟೆ ತಡೆಯಿಲ್ಲದೆ ಮಲಗಲು ಅವಕಾಶ. ಡ್ಯೂಟಿ ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂಬುದರ ಮೇಲೆ ಗಂಟೆಗಳ ಮಿತಿ. ಈ ಅಂಕಿಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು ಸಾಲು: ಪ್ರತಿ ಹಾರಾಟಕ್ಕೂ ಮುಂಚೆ ಪ್ರಯಾಣಿಕ ವಿಮಾನದ ಪ್ರತಿಯೊಬ್ಬ ಪೈಲಟ್ ತಾನು ಕೆಲಸಕ್ಕೆ ಯೋಗ್ಯ ಸ್ಥಿತಿಯಲ್ಲಿದ್ದೇನೆ ಎಂದು ದಾಖಲೆಯಲ್ಲಿ ಖಚಿತಪಡಿಸಬೇಕು; ತೀರಾ ದಣಿದಿದ್ದೇನೆ ಎಂದು ಹೇಳಿದರೆ ಸಂಸ್ಥೆ ಅವರನ್ನು ಹಾರಿಸುವಂತಿಲ್ಲ.

ಅಂದರೆ “ನಿದ್ದೆ ಬರ್ತಿದೆ” ಎಂಬುದು ಈಗ ಗೊಣಗಾಟವಲ್ಲ, ಕೆಲಸದ ವರದಿ. ಆದರೆ ಆ ಸಾಲು ಕೇಳುವುದು ಹೊರಡುವ ಮುಂಚೆ. 801ರ ಕ್ಯಾಪ್ಟನ್ ಬಾಯಿಂದ ಆ ಮಾತು ಬಂದದ್ದು ಹಾರುತ್ತಿರುವಾಗ, ಇಳಿಯಲು ಇಪ್ಪತ್ತು ನಿಮಿಷ ಇರುವಾಗ. ಆಗ ಮಾಡಬಹುದಾದದ್ದು ಏನೂ ಇರಲಿಲ್ಲವೇ? ಇತ್ತು. ಇಳಿಸುವುದನ್ನು ನಾನು ನೋಡಿಕೊಳ್ಳುತ್ತೇನೆ, ನೀವು ಗಮನಿಸಿ ಎಂದು ಸಹ ಪೈಲಟ್ ಹೇಳಬಹುದಿತ್ತು. ಅವರಿಗೂ ಸಾವಿರಾರು ಗಂಟೆಯ ಅನುಭವ ಇತ್ತು. ಮೆಟ್ಟಿಲುಗಳನ್ನು ನಕ್ಷೆಯಿಂದ ಒಂದೊಂದಾಗಿ ಜೋರಾಗಿ ಓದಬಹುದಿತ್ತು. ಇನ್ನೂ ಸುತ್ತು ಹಾಕಿಕೊಂಡು ಬರುತ್ತೇವೆ, ಸಮಯ ಕೊಡಿ ಎಂದು ಕಂಟ್ರೋಲರ್‌ಗೆ ಕೇಳಬಹುದಿತ್ತು. ಕಂಟ್ರೋಲರ್ ಕೂಡ ಉತ್ತರದಲ್ಲಿ ಬಾಲ ಇಲ್ಲದ್ದನ್ನು ಗಮನಿಸಿ ಇನ್ನೊಂದು ನಾಲ್ಕು ಸೆಕೆಂಡ್ ಖರ್ಚು ಮಾಡಬಹುದಿತ್ತು: ಕೊರಿಯನ್ ಏರ್ 801, ಗ್ಲೈಡ್‌ಸ್ಲೋಪ್ ಇಲ್ಲ ಅಂದದ್ದು ಕೇಳಿಸಿತೇ?

ಆ ರಾತ್ರಿ ಗುಡ್ಡದ ಮೇಲೆ ಬೆಂಕಿ ಬಿದ್ದದ್ದು ಟವರ್‌ಗೆ ಕೂಡಲೇ ಗೊತ್ತಾಗಲಿಲ್ಲ. ಇಳಿಯಬೇಕಾದ ವಿಮಾನ ಬರಲಿಲ್ಲ ಎಂದು ಹುಡುಕಾಟ ಶುರುವಾಯಿತು. ಮುರಿದ ಪೈಪ್‌ಲೈನ್ ದಾರಿಗೆ ಅಡ್ಡ ಬಿದ್ದು ರಕ್ಷಣಾ ವಾಹನಗಳು ನಿಂತುಬಿಟ್ಟವು. ಗುವಾಮ್‌ನ ಗವರ್ನರ್ ಕಾರ್ಲ್ ಗುಟಿಯೆರೆಜ್ ಮೊದಲು ತಲುಪಿದವರಲ್ಲಿ ಒಬ್ಬರು. ಕತ್ತಲಲ್ಲಿ, ಆಳೆತ್ತರದ ಹುಲ್ಲಿನಲ್ಲಿ ದನಿ ಬಂದ ಕಡೆ ನಡೆದುಕೊಂಡು ಹೋಗಿ ಬದುಕಿದ್ದವರನ್ನು ಹೊರತೆಗೆದರು. ಕೊನೆಗೆ ಉಳಿದವರು 26 ಜನ.